ಕತ್ತಿಗೆ 600 ರೂಪಾಯಿ ಜಾಸ್ತಿಯಾಯ್ತಾ?

ಬೆಳಿಗ್ಗೆಯ ಸಿಟ್ಟು ಇನ್ನೂ ಇಳಿದಿಲ್ಲ. ಬರೆಯದಿದ್ದರೆ ರಾತ್ರಿ ನಿದ್ದೆ ಬರಲ್ಲ.

ಅಡಿಕೆ ಸುಲಿತ ಹತ್ತಿರ ಬಂತು. ಅಮ್ಮನ ಮೆಟ್ಟುಗತ್ತಿಯ ಬಾಯಿ ಹೋಗಿತ್ತು, ಹದ ಹಾಕಿಸೋಣ ಅಂತ ಆಚಾರ್ರ ಕುಲುಮೆಗೆ ಹೋಗಿದ್ದೆ. ಆಚಾರ್ರು ತೀರಿಹೋಗಿ 2 ವರ್ಷವಾಯಿತು. ಈಗ ಮೊಮ್ಮಗ ನಡೆಸುತ್ತಿದ್ದಾನೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು, ಅದನ್ನು ಬಿಟ್ಟು ಬಂದು ಸುತ್ತಿಗೆ ಹಿಡಿದ ಹುಡುಗ.

ನನಗಿಂತ ಮುಂಚೆ ಒಬ್ಬರು ಕಾರಿನಲ್ಲಿ ಬಂದಿದ್ದರು. ಸೊಪ್ಪು ಕೊಯ್ಯುವ ಕತ್ತಿ ಬೇಕಿತ್ತು. ಹುಡುಗ 600 ಅಂದ.

"ಆನ್‌ಲೈನ್‌ನಲ್ಲಿ 250ಕ್ಕೆ ಮನೆಗೇ ತಂದುಕೊಡ್ತಾರೆ. ನಾಲ್ಕು ಏಟು ಹಾಕೋಕೆ ಇಷ್ಟಾ?" ಅಂದರು. ಅಷ್ಟಕ್ಕೇ ಬಿಡಲಿಲ್ಲ. "ಓದಿಕೊಂಡು ಇಲ್ಲಿ ಮಸಿ ಮೆತ್ತಿಕೊಂಡು ಕೂತಿದ್ದೀಯಲ್ಲ ಮಾರಾಯ, ಬೇರೆ ಕೆಲಸ ಸಿಗಲಿಲ್ವಾ?"

ಹುಡುಗ ಏನೂ ಹೇಳಲಿಲ್ಲ. ಬ್ಲೋವರ್ ತಿರುಗಿಸುತ್ತಾ ಇದ್ದ. ನನಗೇ ತಡೆಯಲಾಗಲಿಲ್ಲ.

ನಾಲ್ಕು ಏಟಂತೆ! ಆ ಮೆಟ್ಟುಗತ್ತಿಗೆ ಅವನು ಹದ ಹಾಕಿದ್ದನ್ನು ಹೇಳುತ್ತೇನೆ ಕೇಳಿ. ಇದ್ದಿಲಿನಲ್ಲಿಟ್ಟು ಕಾಯಿಸಿದ, ಹಣ್ಣಾದ ಮುರುಗಲಿನ ಬಣ್ಣ ಬರುವ ತನಕ. ಅಡಿಗಲ್ಲಿನ ಮೇಲಿಟ್ಟು ಬಾಯಿ ತಟ್ಟಿದ, ಮತ್ತೆ ಕಾಯಿಸಿದ. ಆಮೇಲೆ ಬಾಯಿಯನ್ನಷ್ಟೇ ನೀರಿಗೆ ತೋರಿಸಿದ. ತಕ್ಷಣ ಹೊರಗೆ ತೆಗೆದು ಕಲ್ಲಿನಿಂದ ಉಜ್ಜಿ, ಹೊಳಪು ಬಂದ ಜಾಗವನ್ನೇ ನೋಡುತ್ತಾ ನಿಂತ. ಹಿಂಭಾಗದ ಬಿಸಿ ನಿಧಾನಕ್ಕೆ ಬಾಯಿಯ ಕಡೆ ಹರಿದು ಬರುತ್ತದೆ, ಅದರ ಜೊತೆ ಬಣ್ಣವೂ ಬರುತ್ತದೆ. ಮೊದಲು ಒಣಹುಲ್ಲಿನ ಹಳದಿ, ಅದರ ಹಿಂದೆ ಕಂದು, ಅದರ ಹಿಂದೆ ನೀಲಿ. ಹಳದಿ ಬಾಯಿಗೆ ಮುಟ್ಟಿತು ಅನ್ನುವಾಗ ಇಡೀ ಕತ್ತಿ ನೀರಿಗೆ. ಆ ಹಳದಿ ಅಂದರೆ ಸುಮಾರು 230 ಡಿಗ್ರಿ. ನೀಲಿ ಬರುವ ತನಕ ಕಾದರೆ ಬಾಯಿ ಮೆತ್ತಗಾಗುತ್ತದೆ. ಬಣ್ಣ ಬರುವ ಮೊದಲೇ ಅದ್ದಿದರೆ ಗಾಜಿನ ಹಾಗೆ ಚಕ್ಕೆ ಏಳುತ್ತದೆ. ಕೈಯಲ್ಲಿ ಥರ್ಮಾಮೀಟರ್ ಇಲ್ಲ, ಕಣ್ಣೇ ಎಲ್ಲ. ಇದಕ್ಕೆ ಬೆಲೆ ಇಲ್ವಾ?

ಫ್ಯಾಕ್ಟರಿ ಕತ್ತಿ ಅಗ್ಗ, ಒಪ್ಪಿದೆ. ಸುಲಿಯುವ ಮಷೀನೂ ಎಷ್ಟೋ ಮನೆಗೆ ಬಂದಿದೆ. ಆದರೆ ನಮ್ಮನೆಗೂ ಅಂಥ ಕತ್ತಿ ಬಂದಿತ್ತು, ಒಂದು ಮಳೆಗಾಲ ತಡೆಯಲಿಲ್ಲ. ಹುಡುಗ ಮಾಡುವುದು ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ. ಅವನ ಅಜ್ಜ ಮಾಡಿಕೊಟ್ಟ ಕತ್ತಿಯಲ್ಲಿ ನಾನು ಇವತ್ತಿಗೂ ಸೊಪ್ಪು ಕೊಯ್ಯುತ್ತೇನೆ.

ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಅಗೆದಾಗ ಸುಮಾರು 3,000 ವರ್ಷ ಹಳೆಯ ಕಬ್ಬಿಣದ ಸಾಮಾನು ಸಿಕ್ಕಿದೆ. ನಮ್ಮ ‘ಉಕ್ಕು’ ಅನ್ನುವ ಮಾತೇ ಹೊರದೇಶದವರ ಬಾಯಲ್ಲಿ ‘ವೂಟ್ಜ್’ ಆಯಿತು ಅಂತ ಹೇಳುತ್ತಾರೆ. ಅದನ್ನು ಕೇಳಿ ಹೆಮ್ಮೆ ಪಡುವವರೇ ಕುಲುಮೆಯ ಮುಂದೆ ನಿಂತು 50 ರೂಪಾಯಿಗೆ ಜಗ್ಗಾಡುತ್ತಾರೆ. ಕಾರಿನ ಸರ್ವಿಸ್ ಬಿಲ್ ಕೈಗೆ ಕೊಟ್ಟಾಗ ಯಾರಾದರೂ ಹೀಗೆ ಜಗ್ಗಾಡಿದ್ದನ್ನು ನಾನಂತೂ ನೋಡಿಲ್ಲ.

ಸರ್ಕಾರದ ಯೋಜನೆ ಇದೆಯಲ್ಲ ಅಂತ ಕೇಳಬಹುದು. ಇದೆ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮದ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಒಂದು. ಸಲಕರಣೆಗೆ 15,000, ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಸಾಲ, ಬಡ್ಡಿ 5%. ಒಳ್ಳೆಯದೇ. ಆದರೆ ಹುಡುಗ ಸಾಲಕ್ಕೆ ಅಂತ ಹೋದರೆ ಬ್ಯಾಂಕಿನವರು "ಕುಲುಮೆಗಾ?" ಅಂತ ಕೇಳಿ 3 ಸಲ ವಾಪಸ್ ಕಳಿಸಿದರು. ನಾನು ಜೊತೆಗೇ ಇದ್ದೆ. ಸಂಬಂಧ ಕೇಳಲು ಹೋದಲ್ಲೂ ಅದೇ ಪ್ರಶ್ನೆಯಂತೆ.

ಜಾತಿ ಕಸುಬಿಗೆ ಮಕ್ಕಳನ್ನು ಕಟ್ಟಿಹಾಕಬೇಕು ಅಂತ ನಾನು ಹೇಳುತ್ತಿಲ್ಲ. ಬೇಡ ಅಂದವನು ಹೋಗಲಿ, ಬೇಕು ಅಂದ ಯಾರ ಮನೆ ಮಗನಾದರೂ ಕಲಿಯಲಿ. ಈ ಹುಡುಗ ಬೇಕು ಅಂತಲೇ ಬಂದವನು.

ಒಂದು ಮಾತು ಇಲ್ಲಿ ಹೇಳಲೇಬೇಕು. ಅವನು ಕೆಲಸ ಬಿಟ್ಟು ಬಂದಾಗ ಅವನ ಅಮ್ಮ ನಮ್ಮನೆಗೆ ಬಂದು, "ನೀವಾದ್ರೂ ಬುದ್ಧಿ ಹೇಳಿ ಅಣ್ಣಾ" ಅಂದಿದ್ದರು. ನಾನು ಹೇಳಿದ್ದೆ. "ತಮ್ಮಾ, ಇದರಲ್ಲಿ ಏನಿದೆ, ಸುಮ್ನೆ ವಾಪಸ್ ಹೋಗು" ಅಂತ. ಇವತ್ತು ಆ ಕಾರಿನವರ ಬಾಯಲ್ಲಿ ಅದೇ ಮಾತು ಕೇಳಿದಾಗ ತಲೆ ಎತ್ತಲಾಗಲಿಲ್ಲ. ಅವರು ಹೋದ ಮೇಲೆ ಹುಡುಗನಿಗೆ "ಅವತ್ತು ನಾನು ಹೇಳಿದ್ದು ತಪ್ಪು" ಅಂದೆ. ಅವನು ನಕ್ಕು, "ಬಿಡಿ ಅಣ್ಣಾ, ಕತ್ತಿ ನೋಡಿ" ಅಂತ ಕೈಗೆ ಕೊಟ್ಟ.

ಅಮ್ಮ ಸಂಜೆ ಕಾಲಡಿ ಇಟ್ಟುಕೊಂಡು ನಾಲ್ಕು ಅಡಿಕೆ ಸುಲಿದು ನೋಡಿದಳು. "ಅಜ್ಜನ ಕೈಯೇ ಬಂದಿದೆ" ಅಂದಳು. ನಾಳೆ ಹಾರೆ ತೆಗೆದುಕೊಂಡು ಹೋಗುತ್ತೇನೆ. ಅವನು ಎಷ್ಟು ಹೇಳುತ್ತಾನೋ ಅಷ್ಟು ಕೊಡುತ್ತೇನೆ.