ಬೆಲೆಯ ಲೆಕ್ಕವನ್ನೂ ನೋಡಬೇಕು

ದುಡ್ಡು ಕೊಡದೆ ನಕಲು ಮಾಡಿಕೊಂಡ ತಂತ್ರಾಂಶದ (ಸಾಫ್ಟ್‌ವೇರ್) ಬಳಕೆಯ ಬಗ್ಗೆ ಲೇಖನವೊಂದನ್ನು ಓದಿದೆ. ಇಂಥ ನಕಲಿ ತಂತ್ರಾಂಶದ ಬಳಕೆಗೆ ನಮ್ಮವರ ಅಪ್ರಾಮಾಣಿಕತೆಯೇ ಕಾರಣವೆಂದು ಅದರ ಲೇಖಕರು ತೀರ್ಮಾನಿಸಿರುವುದು ಪೂರ್ತಿ ಸರಿಯಲ್ಲ. 2000ದ ಆಸುಪಾಸಿನಲ್ಲಿ ನಾನು ಡಿಟಿಪಿ (ಕಂಪ್ಯೂಟರಿನಲ್ಲಿ ಅಚ್ಚಿಗೆ ಪುಟ ಜೋಡಿಸುವ) ಅಂಗಡಿಯೊಂದರಲ್ಲಿ ಲಗ್ನಪತ್ರಿಕೆಗಳನ್ನು ಜೋಡಿಸುತ್ತಿದ್ದಾಗ, ಪುಟಕ್ಕೆ ಹತ್ತಿಪ್ಪತ್ತು ರೂಪಾಯಿ ಗಿಟ್ಟುತ್ತಿದ್ದ ಆ ಕಸುಬಿನಲ್ಲಿ, ಡಾಲರಿನ ಲೆಕ್ಕದಲ್ಲಿ ಬೆಲೆ ಕಟ್ಟಿದ, ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರನ್ನು ಕೊಳ್ಳುವ ಮಾತನ್ನು ಮಾಲೀಕರು ಎತ್ತಿದ್ದೇ ಇಲ್ಲ; ಮಾರ್ಕರ್ ಪೆನ್ನಿನಲ್ಲಿ ಹೆಸರು ಗೀಚಿದ ಒಂದೇ ಸಿ.ಡಿ. ಬೀದಿಯ ಅಂಗಡಿಗಳನ್ನೆಲ್ಲ ಸುತ್ತುತ್ತಿತ್ತು. ಕನ್ನಡ ಅಕ್ಷರಗಳ ತಂತ್ರಾಂಶವನ್ನು ಮಾತ್ರ ದುಡ್ಡು ಕೊಟ್ಟೇ ತಂದಿದ್ದರು, ಏಕೆಂದರೆ ಕಂಪ್ಯೂಟರಿನ ಹಿಂಬದಿಗೆ ಡಾಂಗಲ್ (ತಂತ್ರಾಂಶದ ಜೊತೆ ಬರುವ, ಕೀಲಿಯಂಥ ಪುಟ್ಟ ಸಾಧನ) ಸಿಕ್ಕಿಸದೆ ಅದು ತೆರೆದುಕೊಳ್ಳುತ್ತಿರಲಿಲ್ಲ. (ರಾತ್ರಿ ಆ ಡಾಂಗಲನ್ನು ಗಲ್ಲಾಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು!) 1998ರಲ್ಲಿ ‘ಬರಹ’, ಅನಂತರ ‘ನುಡಿ’ ಉಚಿತವಾಗಿ ದೊರೆತ ಮೇಲೆ ಕನ್ನಡ ಟೈಪಿಂಗಿನ ಮಟ್ಟಿಗೆ ಕದಿಯುವ ಅಗತ್ಯವೇ ತಗ್ಗಿತು. ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಲ್ಲಿ ಗೊತ್ತಿದ್ದೂ ನಕಲಿ ತಂತ್ರಾಂಶ ಬಳಸುವವರಿಗೆ ಸೆರೆವಾಸ, ದಂಡ ಎರಡೂ ಇದ್ದರೂ ನಮ್ಮ ಬೀದಿಯಲ್ಲಿ ಅದರ ಹೆಸರು ಕೇಳಿದವರಿರಲಿಲ್ಲ.

ಲೇಖನದಲ್ಲಿ ಕಂಪನಿಗಳ ನಷ್ಟವಷ್ಟೇ ಲೆಕ್ಕಕ್ಕೆ ಬಂದಿದೆ; ನಕಲಿನಿಂದ ಅವುಗಳಿಗೆ ಆಗುವ ಲಾಭ ಬಂದಿಲ್ಲ. ಚಿತ್ರ ತಿದ್ದುವ ಫೋಟೋಶಾಪಿನ ನಕಲು ಪುಕ್ಕಟೆಯಾಗಿ ಕೈಗೆ ಸಿಕ್ಕ ಹುಡುಗರು, ಅದೇ ಕೆಲಸ ಮಾಡುವ ಗಿಂಪ್‌ನಂಥ ಮುಕ್ತ (ಯಾರು ಬೇಕಾದರೂ ಬಳಸಬಹುದಾದ, ಹಂಚಬಹುದಾದ) ತಂತ್ರಾಂಶದ ಕಡೆ ತಿರುಗಿಯೂ ನೋಡುವುದಿಲ್ಲ. ಮುಂದೆ ಅವರು ನೌಕರಿಗೆ ಸೇರಿದಾಗ, ಅವರಿಗೆ ಗೊತ್ತಿರುವುದು ಫೋಟೋಶಾಪ್ ಒಂದೇ ಆದ್ದರಿಂದ, ಕಚೇರಿಯವರು ಅದನ್ನೇ ಹಣ ಕೊಟ್ಟು ಕೊಳ್ಳಬೇಕಾಗುತ್ತದೆ.