ಬೇಸಿಗೆಯಲ್ಲಿ ಕಂಡಿದ್ದನ್ನೇ ಲೆಕ್ಕ ಅನ್ನಬೇಡಿ

ತುಂಗಭದ್ರೆಯಲ್ಲಿ ನೀರುನಾಯಿಗಳು ಈಗ ಜಾಸ್ತಿ ಕಾಣುತ್ತಿವೆ, ಹಾಗಾಗಿ ಅವುಗಳನ್ನು ಉಳಿಸುವ ಯೋಜನೆ ಗೆದ್ದಿದೆ ಅಂತ ನಿಮ್ಮ ಬರಹದಲ್ಲಿ ಹೇಳಿದ್ದೀರಿ. ಇದನ್ನು ಒಪ್ಪೋಕೆ ಆಗಲ್ಲ. ನಮ್ಮದು ಗಂಗಾವತಿ ತಾಲ್ಲೂಕಿನ ಹೊಳೆ ದಂಡೆಯ ಊರು. ಬೇಸಿಗೆಯಲ್ಲಿ ನೀರು ಇಳಿದು ಬಂಡೆಗಳ ನಡುವೆ ಮಡುಗಳಷ್ಟೇ ಉಳಿಯುತ್ತವೆ. ಮೀನೂ ಅಲ್ಲೇ, ನೀರುನಾಯಿಯೂ ಅಲ್ಲೇ. ಆಗ ಕಾಣದೆ ಇನ್ನೇನು? ಮೊಬೈಲ್ ಹಿಡಿದು ಬರುವವರೂ ಹೆಚ್ಚಾಗಿದ್ದಾರೆ.

ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ ಅಂತ ಘೋಷಿಸಿದ್ದು ಒಳ್ಳೆಯದೇ, ನನಗೆ ಅದರ ಬಗ್ಗೆ ಹೆಮ್ಮೆ ಇದೆ. ಆದರೆ ಫಲ ಗೊತ್ತಾಗಬೇಕಾದರೆ ಪ್ರತಿ ವರ್ಷ ಅದೇ ತಿಂಗಳು, ಅದೇ ದಂಡೆ ನಡೆದು ಎಣಿಸಬೇಕು. ಮೀಸಲಿನ ಆಚೆಯ ಹೊಳೆಯನ್ನೂ ಎಣಿಸಿ ಹೋಲಿಸಬೇಕು. ಬಂಡೆ ಮೇಲೆ ಅವುಗಳ ಹಿಕ್ಕೆ ಸಿಗುತ್ತದೆ. ಒಣಗಿದ್ದನ್ನು ಕಡ್ಡಿಯಿಂದ ಕೆದಕಿದರೆ ಮೀನಿನ ಹುರುಪೆ, ಮುಳ್ಳು ಉದುರುತ್ತವೆ. ಎಣಿಸಬೇಕಾದ್ದು ಅದನ್ನು. ಮರಿಗಳು ಎಷ್ಟು, ತೋಟೆ ಸಿಡಿಸಿ ಮೀನು ಹಿಡಿಯುವುದು ನಿಂತಿದೆಯಾ, ಇದನ್ನೂ ಬರೆಯಬೇಕು ಅಲ್ವಾ?

ಯೋಜನೆ ಗೆದ್ದಿದೆ ಅನ್ನೋ ಮೊದಲು ಹರಿಗೋಲಿನ ಮೀನುಗಾರರನ್ನೂ ಕೇಳಿ. ಹೋದ ಬೇಸಿಗೆ ನಮ್ಮೂರಿನ ಹಿರಿಯರೊಬ್ಬರು ನೀರುನಾಯಿ ಹರಿದ ಬಲೆ ತೋರಿಸಿದರು. ಮೊಣಕೈ ತೂರುವಷ್ಟು ತೂತು. ಆ ನಷ್ಟಕ್ಕೆ ಯಾರೂ ಒಂದು ರೂಪಾಯಿ ಕೊಟ್ಟಿಲ್ಲ ಅಂದರು.