ಗುಂಡಿನ ಅಳತೆ ಒಂದೇ, ಒದೆತ ಒಂದೇ ಅಲ್ಲ: ಒಂದು ಸ್ಪಷ್ಟನೆ

"38 ಸ್ಪೆಷಲ್, 357 ಮ್ಯಾಗ್ನಮ್ ಎರಡರ ಗುಂಡಿನ ಅಳತೆಯೂ ಒಂದೇ. ಹಾಗಾಗಿ ರಿವಾಲ್ವರ್ ಒದೆಯುವುದೂ ಒಂದೇ ಥರ, ಹೊಸಬರು ಯಾವುದನ್ನಾದರೂ ಹಾಕಿಕೊಳ್ಳಬಹುದು." ಅಮೆರಿಕದಲ್ಲಿ ಶೂಟಿಂಗ್ ರೇಂಜ್‌ಗೆ ಹೋಗುವ ನಮ್ಮವರ ನಡುವೆ ಈ ಸಂದೇಶ ಓಡಾಡುತ್ತಿದೆ. 38 ಸ್ಪೆಷಲ್, 357 ಮ್ಯಾಗ್ನಮ್ ಅಂದರೆ ರಿವಾಲ್ವರಿಗೆ ಹಾಕುವ ಎರಡು ಬಗೆಯ ತೋಟಾಗಳು. ಒದೆತ ಅಂದರೆ ಗುಂಡು ಹಾರಿದಾಗ ರಿವಾಲ್ವರ್ ಕೈಯನ್ನು ಹಿಂದಕ್ಕೆ ತಳ್ಳುವುದು. ಮೊದಲ ಮಾತು ಸರಿ. ಎರಡರ ಗುಂಡಿನ ವ್ಯಾಸವೂ 0.357 ಇಂಚು. ಉಳಿದದ್ದು ತಪ್ಪು.

ಒದೆತ ಎಷ್ಟು ಅನ್ನುವುದು ಗುಂಡಿನ ತೂಕ, ಅದರ ವೇಗ, ಸಿಡಿಮದ್ದಿನ ಪ್ರಮಾಣ ಮತ್ತು ರಿವಾಲ್ವರಿನ ತೂಕದ ಮೇಲೆ ನಿಂತಿದೆ. 158 ಗ್ರೇನ್, ಅಂದರೆ ಸುಮಾರು 10 ಗ್ರಾಂ ಗುಂಡನ್ನೇ ನೋಡಿ. ಸಾಮಾನ್ಯ 38 ಸ್ಪೆಷಲ್‌ನಲ್ಲಿ ಅದು ಸೆಕೆಂಡಿಗೆ ಸುಮಾರು 230 ಮೀಟರ್ ವೇಗದಲ್ಲಿ ಹೊರಡುತ್ತದೆ. ಮ್ಯಾಗ್ನಮ್‌ನಲ್ಲಿ ಸುಮಾರು 375 ಮೀಟರ್, ಮದ್ದೂ ಜಾಸ್ತಿ. ಒಂದು ಕಿಲೋಗಿಂತ ತುಸು ಹೆಚ್ಚು ತೂಗುವ ರಿವಾಲ್ವರಿಗೆ ಲೆಕ್ಕ ಹಾಕಿದರೆ, ಮ್ಯಾಗ್ನಮ್‌ನ ಒದೆತದ ಶಕ್ತಿ ಮೂರು ಪಟ್ಟಿಗೂ ಮೇಲಾಗುತ್ತದೆ. ಹಗುರ ರಿವಾಲ್ವರಿನಲ್ಲಿ ಇನ್ನೂ ಜೋರು. ಮೊದಲ ಸಲ ಹಿಡಿದವರ ಕೈಯಿಂದ ರಿವಾಲ್ವರ್ ಜಾರಿದರೆ ಅಪಾಯ ಅಲ್ವಾ?

ದಯವಿಟ್ಟು ಈ ಸಂದೇಶವನ್ನು ಮುಂದೆ ಕಳಿಸಬೇಡಿ. 357ರ ರಿವಾಲ್ವರಿನಲ್ಲಿ 38 ಸ್ಪೆಷಲ್ ಹಾರಿಸಬಹುದು. ಕಲಿಯುವವರಿಗೆ ಅದೇ ಒಳ್ಳೆಯದು. ಆದರೆ 38ರ ರಿವಾಲ್ವರಿಗೆ ಮ್ಯಾಗ್ನಮ್ ಹಾಕಲೇಬಾರದು. ಯಾಕಂದರೆ ತೋಟಾ ಸಿಡಿದಾಗ ಒಳಗೆ ಏಳುವ ಒತ್ತಡದ ಮಿತಿ ಸಾಮಾನ್ಯ 38 ಸ್ಪೆಷಲ್‌ಗೆ 17,000 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ), ಮ್ಯಾಗ್ನಮ್‌ಗೆ 35,000.